ಮೂಡಿಗೆರೆಯ ನೆರಳು

ಬೇಲೂರು ದಾಟಿದ ಮೇಲೆ ಬಸ್ಸಿನೊಳಗಿನ ಗಾಳಿ ತಣ್ಣಗಾಯಿತು. ರಸ್ತೆಯ ಎರಡೂ ಕಡೆ ಕಾಫಿ ತೋಟಗಳು ಶುರುವಾದವು. 2025ರ ಫೆಬ್ರವರಿ, ರೊಬಸ್ಟಾ ಎಂಬ ಕಾಫಿ ಜಾತಿಯ ಕೊಯ್ಲಿನ ಸಮಯ. ಮುಂದಿನ ಸೀಟಿನಲ್ಲಿ ಕೂತಿದ್ದವರೊಬ್ಬರು ಫೋನಿನಲ್ಲಿ ಕೇಳುತ್ತಿದ್ದರು: ‘ಇವತ್ತು ಚೆರ್ರಿ ಎಷ್ಟು?’ ಚೆರ್ರಿ ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಕೇಳುತ್ತಿದ್ದುದು ಅದರ ದರ. ಮೂಡಿಗೆರೆಯಲ್ಲಿ ಇಳಿಯುವಷ್ಟರಲ್ಲಿ ಇದೇ ಪ್ರಶ್ನೆಯನ್ನು ಇನ್ನಿಬ್ಬರ ಬಾಯಲ್ಲೂ ಕೇಳಿದೆ.

ನಾನು ಹೋಗಿದ್ದು ಗೆಳತಿಯ ದೊಡ್ಡಪ್ಪನ ತೋಟಕ್ಕೆ. ಚಿಕ್ಕಂದಿನಿಂದ ನನಗೂ ಅವರು ದೊಡ್ಡಪ್ಪನೇ. ಇಪ್ಪತ್ತೈದು ವರ್ಷದ ಹಿಂದೆ ರಜೆಗೆ ಬಂದಾಗ ಆ ತೋಟದಲ್ಲಿ ನಡು ಮಧ್ಯಾಹ್ನವೂ ತಂಪು. ಹಲಸು, ಅತ್ತಿ, ಬಸರಿ, ನಂದಿ, ಎಲ್ಲ ಒಂದರ ಮೇಲೊಂದು ಕೈ ಹಾಕಿದ ಹಾಗೆ ನಿಂತಿದ್ದವು. ಈ ಸಲ ಗೇಟಿನ ಒಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬಿಸಿಲು ಹೊಡೆಯಿತು. ಸಾಲಾಗಿ ಸಿಲ್ವರ್ ಓಕ್ ಮರಗಳು, ಅವುಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ನೋಡಲು ಚೆಂದವೇ. ಆದರೆ ನನಗೆ ಗೊತ್ತಿದ್ದ ತೋಟ ಅದಲ್ಲ.

ಊಟವಾದ ಮೇಲೆ ಕಣದ ಪಕ್ಕ ಕುರ್ಚಿ ಹಾಕಿಕೊಂಡು ಕೂತೆವು. ‘ಮರ ಎಲ್ಲಿ ಹೋದವು ದೊಡ್ಡಪ್ಪ?’ ಅಂದೆ. ಅವರು ತಕ್ಷಣ ಉತ್ತರ ಕೊಡಲಿಲ್ಲ. ಒಣಗಲು ಹಾಕಿದ್ದ ಹಣ್ಣನ್ನು ಕಾಲಿನಿಂದ ಸ್ವಲ್ಪ ಸರಿಸಿದರು. ಆಮೇಲೆ ಹೇಳಿದ್ದು ಅವರ ಮನೆಯ ಕಥೆ. ಕೇಳುತ್ತಾ ಹೋದ ಹಾಗೆ ಅದರಲ್ಲಿ ಬ್ರೆಜಿಲ್ ಬಂತು, ವಿಯೆಟ್ನಾಂ ಬಂತು.

ಅವರ ಅಪ್ಪನ ಕಾಲದಲ್ಲಿ ಬೆಳೆದ ಕಾಫಿಯನ್ನು ಕೇಂದ್ರ ಸರ್ಕಾರದ ಕಾಫಿ ಬೋರ್ಡಿಗೇ ಕೊಡಬೇಕಿತ್ತು. ದುಡ್ಡು ಕಂತಿನಲ್ಲಿ ಬರುತ್ತಿತ್ತು, ತಡವಾಗಿ ಬರುತ್ತಿತ್ತು. ಆ ಕಟ್ಟು 1992ರಿಂದ ಸಡಿಲವಾಗಿ 1996ರ ಹೊತ್ತಿಗೆ ಪೂರ್ತಿ ಹೋಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹಿಮಗಟ್ಟಿ ಅಲ್ಲಿನ ಬೆಳೆ ಸುಟ್ಟಿತು, ಇಲ್ಲಿ ದರ ಏರಿತು. ‘ಈ ತಾರಸಿ ಮನೆ ಆ ಹಿಮದ್ದೇ ಕಣಮ್ಮ’ ಅಂದರು ದೊಡ್ಡಪ್ಪ.

ಆದರೆ ದೇಶ ದೇಶಗಳು ಸೇರಿ ಕಾಫಿ ರಫ್ತಿಗೆ ಹಾಕಿಕೊಂಡಿದ್ದ ಮಿತಿ 1989ರಲ್ಲೇ ಮುರಿದುಬಿದ್ದಿತ್ತು. ವಿಯೆಟ್ನಾಂ ರೊಬಸ್ಟಾ ಬೆಳೆಯುತ್ತಾ ಬೆಳೆಯುತ್ತಾ ಕೊಲಂಬಿಯಾವನ್ನೂ ದಾಟಿ ಕಾಫಿ ಬೆಳೆಯುವ ದೇಶಗಳಲ್ಲಿ ಎರಡನೇ ಸ್ಥಾನಕ್ಕೆ ಬಂತು. 2001ರ ಹೊತ್ತಿಗೆ ದರ ನೆಲ ಕಚ್ಚಿತು. ಕೊಯ್ಲಿನ ಕೂಲಿಯೂ ಹುಟ್ಟುತ್ತಿರಲಿಲ್ಲವಂತೆ. ಆಗ ದೊಡ್ಡಪ್ಪ ಪರ್ಮಿಷನ್ ಮಾಡಿಸಿ ನಾಲ್ಕು ಹಲಸು, ಎರಡು ನಂದಿ ಕಡಿಸಿದರು. ಮಗಳ ಮದುವೆ ಆ ಮರದ ದುಡ್ಡಲ್ಲೇ ಆಯಿತು. ಆ ಜಾಗಕ್ಕೆ ಬಂದದ್ದು ಸಿಲ್ವರ್. ಬೇಗ ಬೆಳೆಯುತ್ತದೆ, ಕಡಿಯಲು ಯಾರ ಅನುಮತಿಯೂ ಬೇಡ, ನೆಟ್ಟಗಿನ ಕಾಂಡಕ್ಕೆ ಮೆಣಸು ಹತ್ತುತ್ತದೆ. ಆಸ್ಟ್ರೇಲಿಯಾದ ಮರ. ನಮ್ಮ ಹಕ್ಕಿಗಳಿಗೆ ತಿನ್ನಲು ಅದರಲ್ಲಿ ಹಣ್ಣಿಲ್ಲ.

ಸರಿ, ದರ ಬಿದ್ದಾಗ ಮರ ಹೋಯಿತು. ಈ ಸಲ ದರ ಏರಿತ್ತಲ್ಲ, ಮರ ಉಳಿಯಬೇಕಿತ್ತು ಅಲ್ವಾ? ನಾನು ಹಾಗೇ ಅಂದುಕೊಂಡಿದ್ದೆ.

ವಿಯೆಟ್ನಾಂನಲ್ಲಿ ಬರ, ಬ್ರೆಜಿಲ್‌ನಲ್ಲೂ ಮಳೆ ಕಡಿಮೆ. 2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ನಮ್ಮಲ್ಲಿ 50 ಕೆಜಿ ರೊಬಸ್ಟಾ ಚೆರ್ರಿ 10,000 ರೂಪಾಯಿ ಮುಟ್ಟಿತು. ನಾನು ತೋಟಕ್ಕೆ ಹೋಗಿದ್ದ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಕಾಫಿಯ ಇನ್ನೊಂದು ಜಾತಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತ್ತು. ಹೀಗಿರುವಾಗ ನೆರಳು ಯಾರಿಗೆ ಬೇಕು? ಬಿಸಿಲು ಬಿದ್ದರೆ ರೊಬಸ್ಟಾ ಜಾಸ್ತಿ ಬಿಡುತ್ತದೆ. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡುವವರು ಕೊಂಬೆ ಕಡಿಯುವ ಬದಲು ತಲೆಯನ್ನೇ ತೆಗೆಯುತ್ತಿದ್ದಾರೆ. ನೆರಳು ಕಡಿಮೆಯಾದ ಕಡೆ ಅರೇಬಿಕಾಕ್ಕೆ ಕಾಂಡ ಕೊರೆಯುವ ಹುಳು, ಬೋರರ್, ಜೋರು. ಬೋರರ್ ಹೊಡೆದ ಗಿಡ ಕಿತ್ತು ಅಲ್ಲೂ ರೊಬಸ್ಟಾ ಇಡುತ್ತಾರೆ. ದೊಡ್ಡಪ್ಪನೂ ಹಾಗೇ ಇಟ್ಟಿದ್ದಾರೆ. ಅವರನ್ನು ದೂರಲು ನನಗೆ ಬಾಯಿ ಬರಲಿಲ್ಲ. 2001ರ ಸಾಲ ಕಂಡವರು ಅವರು.

ಸಂಜೆ ಹಳ್ಳದ ಕಡೆ ನಡೆದೆ. ಹೇಮಾವತಿ ಹುಟ್ಟುವ ಜಾವಳಿ ಇದೇ ತಾಲ್ಲೂಕು. ಹಳ್ಳದಲ್ಲಿ ಮೊಣಕಾಲಿಗಿಂತ ಕಡಿಮೆ ನೀರು, ದಡದಲ್ಲಿ ಮೂರು ಪಂಪ್‌ಸೆಟ್. ಹಿಂದೆ ಹೂಮಳೆಗೆ ಆಕಾಶ ನೋಡುತ್ತಾ ಕೂರುತ್ತಿದ್ದರು. ಈಗ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುತ್ತಾರೆ. ಈ ನೀರನ್ನೇ ಕೆಳಗೆ ಹೇಮಾವತಿಗೆ ಕಟ್ಟಿದ ಗೊರೂರು ಅಣೆಕಟ್ಟಿನ ರೈತರೂ ಕಾಯುತ್ತಿರುತ್ತಾರೆ.

ಹಳ್ಳದ ಆಚೆ ಅಸ್ಸಾಂನಿಂದ ಬಂದ ಹೆಂಗಸರು ಹಣ್ಣು ತೂಗಿಸಲು ಸಾಲು ನಿಂತಿದ್ದರು. ಕೂಲಿ ಕೆಜಿ ಲೆಕ್ಕ. ಒಬ್ಬಳನ್ನು ಕಾಫಿ ರೇಟು ಗೊತ್ತಾ ಅಂತ ಕೇಳಿದೆ. ಹರಕು ಕನ್ನಡದಲ್ಲಿ ‘ಕಿಲೋ ಗೊತ್ತು’ ಅಂದಳು. ಆ ಉತ್ತರ ರಾತ್ರಿಯೆಲ್ಲ ತಲೆಯಲ್ಲಿತ್ತು.

ಬೆಳಿಗ್ಗೆ ಎಚ್ಚರವಾಗಿದ್ದು ಮಂಗಟ್ಟೆ ಹಕ್ಕಿಯ ಕೂಗಿಗೆ. ಮನೆಯ ಹಿಂದೆ ಒಂದು ಗೋಣಿ ಮರ ಇನ್ನೂ ಉಳಿದಿದೆ, ಮೈತುಂಬ ಹಣ್ಣು. ಎರಡು ಮಂಗಟ್ಟೆ ಕೊಂಬೆಯಿಂದ ಕೊಂಬೆಗೆ ಹಾರುತ್ತಾ ತಿನ್ನುತ್ತಿದ್ದವು. ದೊಡ್ಡಪ್ಪ ಕಾಫಿ ಲೋಟ ಹಿಡಿದು ಪಕ್ಕಕ್ಕೆ ಬಂದು ನಿಂತರು. ಅದರ ಕೆಳಗೆ ಅರ್ಧ ಎಕರೆ ಕಾಫಿ ಸರಿಯಾಗಿ ಕಾಯಿ ಕಚ್ಚುತ್ತಿಲ್ಲ ಅಂದರು.

‘ಇದನ್ನೂ ತೆಗೀತೀರಾ?’

‘ಮಗ ತೆಗೆಸು ಅಂತಾನೆ’ ಅಂದರು. ಸ್ವಲ್ಪ ಹೊತ್ತು ಮೇಲೆ ನೋಡಿದರು. ‘ಈ ವರ್ಷ ಬಿಟ್ಟಿದೀನಿ.’