7 ಕೆಜಿ ಬ್ಯಾಗು, ಏಳು ಸುತ್ತಿನ ಕೋಟೆ

ದಾವಣಗೆರೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ನಾವು ದೆಹಲಿಗೆ ಹಾರಬೇಕು ಅಂದ್ರೆ ಮೊದಲು ರೈಲೋ ಬಸ್ಸೋ ಹಿಡಿದು ಬೆಂಗಳೂರು ಸೇರಬೇಕು, ಮೆಜೆಸ್ಟಿಕ್‌ನಲ್ಲಿ ವಾಯುವಜ್ರ ಬಸ್ಸು ಹತ್ತಬೇಕು, ಆಮೇಲೆ ದೇವನಹಳ್ಳಿ. ವಿಮಾನದಲ್ಲಿ ಕೂರುವುದು ಮೂರು ಗಂಟೆ. ಉಳಿದ ಹೊತ್ತೆಲ್ಲ ಬ್ಯಾಗು ನಮ್ಮ ಕೈಯಲ್ಲಿ, ಹೆಗಲ ಮೇಲೆ, ಇಲ್ಲಾ ಬಸ್ಸಿನಲ್ಲಿ ತೊಡೆ ಮೇಲೆ. ಇಷ್ಟು ಸರಳ ವಿಷಯ ನನಗೆ ಹೊಳೆದಿದ್ದು ಕಾಶಿಗೆ ಹೋಗಿ ಬಂದ ಮೇಲೆ.

ಎರಡು ವರ್ಷದ ಹಿಂದೆ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗಿದ್ದೆ. ಹೊಸ ಟ್ರಾಲಿ ಸೂಟ್‌ಕೇಸ್. ವಿಮಾನ ನಿಲ್ದಾಣದ ನುಣುಪು ನೆಲದ ಮೇಲೆ ಒಂದು ಬೆರಳಲ್ಲಿ ತಳ್ಳಿದರೂ ಓಡುತ್ತಿತ್ತು. ದಶಾಶ್ವಮೇಧ ಘಾಟ್ ಹತ್ತಿರದ ಗಲ್ಲಿಗೆ ಬಂದ ಮೇಲೆ ಅದರ ಓಟ ನಿಂತಿತು. ಆ ಗಲ್ಲಿಗಳಿಗೆ ಆಟೋ ಬರುವುದಿಲ್ಲ, ಹಾಸಿದ ಕಲ್ಲು ಏರುಪೇರು, ಅಲ್ಲಲ್ಲಿ ಮೆಟ್ಟಿಲು, ಎದುರಿಗೆ ಹಸು. ಒಂದು ಗಾಲಿ ಕಲ್ಲಿನ ಸಂದಿಗೆ ಸಿಕ್ಕಿ ಬುಡಸಮೇತ ಕಿತ್ತು ಬಂತು. ನಾನು ಒಂದು ಬದಿ ಎತ್ತಿದೆ, ಬೇಡ ಬೇಡ ಅಂದರೂ ಕೇಳದೆ ಅಮ್ಮ ಇನ್ನೊಂದು ಬದಿ ಹಿಡಿದರು. ಅರವತ್ತೈದು ವರ್ಷ ಅವರಿಗೆ, ಮಂಡಿ ನೋವು ಬೇರೆ. ಲಾಡ್ಜ್ ತಲುಪಿದಾಗ ಅವರ ಅಂಗೈಯಲ್ಲಿ ಬರೆ ಎಳೆದ ಹಾಗೆ ಕೆಂಪು ಗೆರೆ ಮೂಡಿತ್ತು. ಅದನ್ನು ನೋಡಿ ಆದ ಸಂಕಟ ಇವತ್ತಿಗೂ ಹೋಗಿಲ್ಲ.

ಈ ಸಲ ಹರಿದ್ವಾರ, ಋಷಿಕೇಶಕ್ಕೆ ಐದು ದಿನ ಅಂತ ಟಿಕೆಟ್ ಮಾಡಿಸಿದಾಗ ಒಂದೇ ಹಟ. ಅಮ್ಮನ ಕೈಯಲ್ಲಿ ಅವರ ಚಿಕ್ಕ ಚೀಲ ಬಿಟ್ಟು ಏನೂ ಇರಬಾರದು. ಇಬ್ಬರ ಬಟ್ಟೆಯೂ ನನ್ನ ಬೆನ್ನ ಮೇಲೆ ಒಂದೇ ಬ್ಯಾಗಿನಲ್ಲಿ, ಆ ಬ್ಯಾಗು ವಿಮಾನದೊಳಗೆ ನಮ್ಮ ಜೊತೆಗೇ ಬರಬೇಕು. ಊರಿಗೆ ಬಂದ ಮೇಲೆ ಮೂಲೆಗೆ ಬೀಳದೆ ಆಫೀಸಿಗೂ ಆಗಬೇಕು, ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗುವಾಗ ಲ್ಯಾಪ್‌ಟಾಪಿಗೂ ಆಗಬೇಕು.

ನಮ್ಮ ಟಿಕೆಟ್‌ನಲ್ಲಿ ಒಳಗೆ ಒಯ್ಯುವ ಬ್ಯಾಗಿಗೆ ಮಿತಿ 7 ಕೆಜಿ. ಅಳತೆ 55, 35, 25 ಸೆಂಟಿಮೀಟರ್. ನಾನು ಟ್ರಾಲಿಯನ್ನೇ ಮೊದಲು ನಮ್ಮ ಬೀದಿಯ ಕಿರಾಣಿ ಅಂಗಡಿ ತಕ್ಕಡಿ ಮೇಲೆ ಇಟ್ಟೆ. ಖಾಲಿ ಟ್ರಾಲಿ 2 ಕೆಜಿ 800 ಗ್ರಾಂ! ಏನೂ ತುಂಬುವ ಮೊದಲೇ ಹತ್ತಿರ ಹತ್ತಿರ ಅರ್ಧ ಲೆಕ್ಕ ಮುಗಿದೇ ಹೋಯಿತು ಅಲ್ವಾ? ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ, ಹಾಗಾಗಿ ಮನೆಯಿಂದ ಒಂದೊಂದೇ ತಂದು ತೂಗಿದೆ. ನನ್ನ ಜೀನ್ಸ್ 640 ಗ್ರಾಂ. ಅಮ್ಮನ ಕಾಟನ್ ಸೀರೆ 460, ಸಿಂಥೆಟಿಕ್ ಸೀರೆ 330. ಜೀನ್ಸ್ ಅಲ್ಲೇ ಕೈಬಿಟ್ಟೆ. ಹೊರಡುವ ದಿನ ಹಾಕಿಕೊಂಡು ಹೋದರೆ ಆಯಿತು, ಮೈಮೇಲಿರುವ ಬಟ್ಟೆಯನ್ನು ಯಾರೂ ತೂಗುವುದಿಲ್ಲ.

ಮಾರನೇ ದಿನ ಶನಿವಾರ. ಒಯ್ಯಬೇಕಾದ್ದನ್ನೆಲ್ಲ ಒಂದು ಕೈಚೀಲಕ್ಕೆ ತುಂಬಿಕೊಂಡು ಮಂಡಿಪೇಟೆ ಕಡೆ ಇರುವ ಬ್ಯಾಗಿನ ಅಂಗಡಿಗೆ ಹೋದೆ. ಬ್ಯಾಗು ಖಾಲಿ ಹಾಕಿಕೊಂಡು ಕನ್ನಡಿ ನೋಡಿದರೆ ಎಲ್ಲವೂ ಚೆಂದವೇ. ಒಳಗೆ ಭಾರ ಬಿದ್ದಾಗಲೇ ಅದರ ಗುಣ ಗೊತ್ತಾಗುವುದು. ಅಂಗಡಿಯವರು ಒಂದು ಕ್ಷಣ ನೋಡಿ, "ತುಂಬಿ ನೋಡಿ ಮೇಡಂ, ತೊಂದರೆ ಇಲ್ಲ" ಅಂದರು. ಆ ತಾಳ್ಮೆಗೆ ನಾನು ಋಣಿ.

ಮೊದಲನೆಯದು ಹದಿನೇಳು ಜೇಬಿನ ಬ್ಯಾಗು. ಬರೀ ಅದರದ್ದೇ 1 ಕೆಜಿ 700 ಗ್ರಾಂ. ಎರಡನೆಯದು ಚಾರಣದ್ದು, ಮೇಲಿನಿಂದ ಬಾಯಿ ಬಿಗಿಯುವ ಉದ್ದನೆಯ ಬ್ಯಾಗು. ಟೇಪು ಹಿಡಿದರೆ 65 ಸೆಂಟಿಮೀಟರ್, ಮೇಲಾಗಿ ತಳದಲ್ಲಿರುವ ಟವೆಲ್ ಬೇಕು ಅಂದ್ರೆ ಮೇಲಿರುವುದನ್ನೆಲ್ಲ ಹೊರಗೆ ಹಾಕಬೇಕು. ಮೂರನೆಯದು ಸೂಟ್‌ಕೇಸ್ ಥರ ಪೂರ್ತಿ ಬಿಚ್ಚಿಕೊಳ್ಳುವಂಥದ್ದು. ಜಿಪ್ ಮೂರು ಕಡೆ ಓಡುತ್ತದೆ, ಮಂಚದ ಮೇಲೆ ಪುಸ್ತಕದ ಹಾಗೆ ತೆರೆದು ಇಡಬಹುದು. 1 ಕೆಜಿ 150 ಗ್ರಾಂ. ಬೆನ್ನಿಗೆ ತಾಗುವ ಕಡೆ ಲ್ಯಾಪ್‌ಟಾಪಿಗೆ ಬೇರೆ ಅರೆ ಇದೆ, ಅದರ ತಳ ಬ್ಯಾಗಿನ ತಳಕ್ಕಿಂತ ಎರಡು ಬೆರಳು ಮೇಲೆ ನಿಲ್ಲುತ್ತದೆ. ಬ್ಯಾಗನ್ನು ಧೊಪ್ಪೆಂದು ನೆಲಕ್ಕೆ ಇಟ್ಟರೂ ಲ್ಯಾಪ್‌ಟಾಪಿಗೆ ಪೆಟ್ಟು ಬೀಳುವುದಿಲ್ಲ. ನನಗೆ ಬಹಳ ಇಷ್ಟವಾಗಿದ್ದು ಇದೇ.

ಆದರೂ ತಕ್ಷಣ ಕೊಳ್ಳಲಿಲ್ಲ. ನಾನು ಐದಡಿ ಒಂದಿಂಚು. ಬ್ಯಾಗಿನ ವಿಷಯದಲ್ಲಿ ನೋಡಬೇಕಾದ್ದು ಎತ್ತರವಲ್ಲ, ಬೆನ್ನಿನ ಉದ್ದ. ಕತ್ತು ಬಗ್ಗಿಸಿದಾಗ ಹಿಂದೆ ಉಬ್ಬಿ ಬರುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ತನಕ. ತಮ್ಮನ ಕೈಲಿ ದರ್ಜಿ ಟೇಪಿನಿಂದ ಅಳೆಸಿಕೊಂಡಿದ್ದೆ, 41 ಸೆಂಟಿಮೀಟರ್. ಇದು ತಪ್ಪಿದರೆ ಸೊಂಟದ ಪಟ್ಟಿ ಸೊಂಟದ ಮೇಲೆ ಕೂರದೆ ಕೆಳಗೆ ಜಾರುತ್ತದೆ, ಆಗ ಪೂರ್ತಿ ಭಾರ ಹೆಗಲಿಗೇ ಬೀಳುತ್ತದೆ. ಚಾರಣದ ಬ್ಯಾಗಿನಲ್ಲಿ ಹಾಗೇ ಆಯಿತು. ಮೂರನೆಯದರಲ್ಲಿ ಪಟ್ಟಿ ಸರಿಯಾಗಿ ಮೂಳೆ ಮೇಲೆ ಕೂತಿತು. ಬಿಗಿದ ಕೂಡಲೇ ಹೆಗಲ ಪಟ್ಟಿ ಕೆಳಗೆ ಎರಡು ಬೆರಳು ಆರಾಮಾಗಿ ಹೋಗುವಷ್ಟು ಸಡಿಲವಾಯಿತು. ಬೇಡದಾಗ ಆ ಪಟ್ಟಿಯನ್ನು ಒಳಗೆ ಮಡಚಿ ಇಡಬಹುದು, ಹಾಗಾಗಿ ಆಫೀಸಿಗೆ ಒಯ್ದರೂ ನೇತಾಡುವುದಿಲ್ಲ.

ಕೊಂಡ ಮೇಲೆ ನೇರ ಹೋಗಿದ್ದು ಬ್ಯಾಗು ರಿಪೇರಿ ಮಾಡುವವರ ಹತ್ತಿರ. ಫುಟ್‌ಪಾತ್ ಮೇಲೆ ಒಂದು ಹೊಲಿಗೆ ಯಂತ್ರ, ಒಂದು ಡಬ್ಬಿ ತುಂಬಾ ಜಿಪ್ ಎಳೆಯುವ ರನ್ನರ್‌ಗಳು, ಅಷ್ಟೇ ಅವರ ಅಂಗಡಿ. ನನ್ನ ಪ್ರಕಾರ ಬ್ಯಾಗಿನ ಬಗ್ಗೆ ಮಾರುವವರಿಗಿಂತ ರಿಪೇರಿಯವರಿಗೆ ಜಾಸ್ತಿ ಗೊತ್ತಿರುತ್ತದೆ. ಬ್ಯಾಗು ಯಾವ ಜಾಗದಲ್ಲಿ ಸಾಯುತ್ತದೆ ಅಂತ ಅವರು ದಿನಾ ನೋಡುತ್ತಾರೆ. ಅವರು ಬಟ್ಟೆಯನ್ನು ಮುಟ್ಟಿಯೂ ನೋಡಲಿಲ್ಲ. ಹೆಗಲ ಪಟ್ಟಿಯ ಬುಡ ಮಡಚಿ ಹೊಲಿಗೆ ನೋಡಿದರು. ಅಲ್ಲಿ ಹಿಂದೆ ಮುಂದೆ ಒತ್ತೊತ್ತಾಗಿ ಹಾಕಿದ ದಪ್ಪ ಹೊಲಿಗೆ, ಬೆರಳಿಗೆ ಗಂಟಿನ ಹಾಗೆ ಸಿಗುತ್ತದೆ. "ಇದಿದ್ರೆ ಕಿತ್ತು ಬರಲ್ಲ ಅಕ್ಕ" ಅಂದರು. ಆಮೇಲೆ ಜಿಪ್. ದೊಡ್ಡ ಅರೆಗೆ 10 ನಂಬರ್, ಮುಂದಿನ ಜೇಬಿಗೆ 5 ನಂಬರ್. ಈ ನಂಬರ್ ಹೆಚ್ಚುಕಡಿಮೆ ಜಿಪ್ಪಿನ ಹಲ್ಲಿನ ಸಾಲು ಎಷ್ಟು ಮಿಲಿಮೀಟರ್ ಅಗಲ ಅನ್ನುವುದರ ಲೆಕ್ಕ. ತುಂಬಿ ಒತ್ತಿ ಮುಚ್ಚುವ ಅರೆಗೆ 5 ನಂಬರ್ ಹಾಕಿದ್ದರೆ ರನ್ನರ್ ಬೇಗ ಬಾಯಿ ಬಿಡುತ್ತದಂತೆ.

ಸಂಜೆ ಇನ್ನೊಂದು ಪರೀಕ್ಷೆ. ಚೀಟಿಯಲ್ಲಿ 38 ಲೀಟರ್ ಅಂತ ಬರೆದಿತ್ತು. ಬ್ಯಾಗಿನ ಲೀಟರನ್ನು ನೀರು ಹಾಕಿ ಅಳೆಯುವುದಿಲ್ಲ, ಸಣ್ಣ ಪ್ಲಾಸ್ಟಿಕ್ ಗುಂಡುಗಳನ್ನು ತುಂಬಿ ಅಳೆಯುವ ಪದ್ಧತಿ ಇದೆ ಅಂತ ಓದಿದ್ದೆ. ನಮ್ಮೂರಲ್ಲಿ ಗುಂಡು ಯಾಕೆ, ಮಂಡಕ್ಕಿ ಇದೆಯಲ್ಲ! ಒಳಗೆ ಶುದ್ಧ ಪ್ಲಾಸ್ಟಿಕ್ ಚೀಲ ಹಾಕಿ, ಅಡುಗೆಮನೆಯ ಒಂದು ಲೀಟರ್ ಪಾತ್ರೆಯಿಂದ ಎಣಿಸುತ್ತಾ ಸುರಿದೆ. ಅಮ್ಮ ಬಾಗಿಲಲ್ಲಿ ನಿಂತು ಎಣಿಕೆ ತಪ್ಪದ ಹಾಗೆ ನೋಡಿಕೊಂಡರು. ದೊಡ್ಡ ಅರೆಗೆ 31 ಪಾತ್ರೆ ಹಿಡಿಯಿತು. ಉಳಿದ ಏಳು ಲೀಟರ್ ಹೊರಗಿನ ಜೇಬುಗಳ ಲೆಕ್ಕ ಇರಬೇಕು. ಸೀರೆ ಮಡಚಿಡುವವರಿಗೆ ಬೇಕಾಗುವುದು ಆ 31, ಜೇಬಿನಲ್ಲಿ ಸೀರೆ ಇಡೋಕಾಗಲ್ಲ. ಅವತ್ತು ರಾತ್ರಿ ಆ ಮಂಡಕ್ಕಿಯೇ ಒಗ್ಗರಣೆಯಾಗಿ ಮಿರ್ಚಿ ಜೊತೆ ಮುಗಿಯಿತು.

ಭಾನುವಾರ ಬೆಳಿಗ್ಗೆ ಬ್ಯಾಗಿಗೆ ಸರಿಯಾಗಿ 7 ಕೆಜಿ ತುಂಬಿಕೊಂಡು ಚಿತ್ರದುರ್ಗದ ಬಸ್ಸು ಹತ್ತಿದೆ. ಬಸ್ಸಿನ ಮೇಲಿನ ಕಂಬಿಯಲ್ಲಿ ಬ್ಯಾಗು ಕೂರಲಿಲ್ಲ, ತೊಡೆ ಮೇಲೆ ಅಡ್ಡ ಇಟ್ಟುಕೊಂಡೆ. ಕೋಟೆಯನ್ನೇ ಆರಿಸಿದ್ದು ಬೇಕಂತಲೇ. ಅಲ್ಲಿ ಕಲ್ಲಿನ ನೆಲ ಇದೆ, ಮೆಟ್ಟಿಲಿದೆ, ಏರಿದೆ, ಬಾಗಿಲ ಮೇಲೆ ಬಾಗಿಲು ಇದೆ. ಕಾಶಿಯ ಗಲ್ಲಿಗೂ ಹರಿದ್ವಾರದ ಘಾಟಿಗೂ ಇದಕ್ಕಿಂತ ಒಳ್ಳೆ ತಾಲೀಮು ನಮ್ಮ ಹತ್ತಿರದಲ್ಲಿ ಇನ್ನೆಲ್ಲಿ ಸಿಗುತ್ತದೆ?

ಮೊದಲ ಎರಡು ಬಾಗಿಲು ದಾಟುವ ತನಕ ಚೆನ್ನಾಗಿತ್ತು. ಏರು ಶುರುವಾದ ಮೇಲೆ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಅನಿಸತೊಡಗಿತು. ನೆರಳಲ್ಲಿ ಕೂತು ಬ್ಯಾಗು ಬಿಚ್ಚಿದೆ. ತಪ್ಪು ನನ್ನದೇ. ಪವರ್ ಬ್ಯಾಂಕು, ಚಾರ್ಜರು, ಸೋಪು, ಔಷಧಿ ಡಬ್ಬಿ ಎಲ್ಲ ಹೊರಗಿನ ಜೇಬಿನಲ್ಲಿ, ಅಂದ್ರೆ ಬೆನ್ನಿನಿಂದ ದೂರ. ಹಗುರ ಬಟ್ಟೆಯೆಲ್ಲ ಬೆನ್ನಿಗೆ ಒತ್ತಿಕೊಂಡು. ತಿರುಗಾಮುರುಗಾ ಮಾಡಿದೆ. ಭಾರದ್ದು ಬೆನ್ನಿಗೆ ಅಂಟಿಕೊಂಡು, ಹೆಗಲ ಮೂಳೆಗಳ ನಡುವೆ. ಬಟ್ಟೆ ಹೊರಗಡೆಗೆ. ಪಕ್ಕದ ಪಟ್ಟಿಗಳನ್ನು ಎಳೆದು ಬಿಗಿದೆ. ಅದೇ 7 ಕೆಜಿ, ಒಂದು ಗ್ರಾಂ ಕಡಿಮೆ ಆಗಿಲ್ಲ, ಆದರೆ ಎದ್ದು ನಿಂತಾಗ ಎಳೆತ ಹೋಗಿತ್ತು. ಪವರ್ ಬ್ಯಾಂಕ್ ಮಾತ್ರ ಮೇಲಿನ ಜೇಬಿಗೆ ಹಾಕಿದೆ. ಅದನ್ನು ವಿಮಾನದ ಕೆಳಭಾಗಕ್ಕೆ ಹೋಗುವ ಲಗೇಜಿಗೆ ಹಾಕುವಂತಿಲ್ಲ, ತಪಾಸಣೆಯಲ್ಲಿ ಹೊರಗೆ ತೆಗೆದು ತೋರಿಸಬೇಕಾಗುತ್ತದೆ. ನನ್ನದು 20000 ಎಂಎಎಚ್, 74 ವ್ಯಾಟ್-ಅವರ್. 100 ವ್ಯಾಟ್-ಅವರ್ ತನಕ ಒಯ್ಯಬಹುದು.

ಅಲ್ಲಿಂದ ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರ, ಗೋಪಾಲಸ್ವಾಮಿ ಹೊಂಡ, ಎಲ್ಲ ಸಲೀಸು. ತುಪ್ಪದ ಕೊಳದ ಹತ್ತಿರ ಬಂಡೆಯಲ್ಲಿ ಕಡೆದ ಗುಳಿಗಳ ಮೇಲೆ ಕಾಲಿಟ್ಟು ಹತ್ತುವ ಜಾಗ ಇದೆಯಲ್ಲ, ಅಲ್ಲಿ ನಾಲ್ಕು ಗುಳಿ ಹತ್ತಿ ವಾಪಸ್ ಇಳಿದೆ. ಬೆನ್ನ ಮೇಲೆ ಭಾರ ಇಟ್ಟುಕೊಂಡು ಹತ್ತುವ ಜಾಗ ಅಲ್ಲ ಅದು. ಓಬವ್ವನ ಕಿಂಡಿಗೂ ಇಳಿದೆ. ಬ್ಯಾಗು ಕಲ್ಲಿಗೆ ತಾಗಿ ಸಿಕ್ಕಿಕೊಂಡಿತು, ಬಿಚ್ಚಿ ಎದೆಗೆ ಅವುಚಿಕೊಂಡೆ. ಒಬ್ಬೊಬ್ಬರೇ ನುಸುಳಬೇಕಾದ ಜಾಗ ಅಂತ ಚಿಕ್ಕಂದಿನಿಂದ ಕೇಳಿದ್ದೇ, ಆದರೆ ಆ ಕಲ್ಲಿನ ತಣ್ಣನೆ ಮೈಗೆ ತಾಗಿದಾಗ ಆ ಕಥೆ ಬೇರೆಯೇ ಅನಿಸಿತು. ಸ್ವಲ್ಪ ಹೊತ್ತು ಸುಮ್ನೆ ಅಲ್ಲೇ ನಿಂತಿದ್ದೆ.

ಹರಿದ್ವಾರಕ್ಕೆ ಹೋಗಿ ಬಂದೆವು. ಬೆಂಗಳೂರಿನ ಕೌಂಟರಿನಲ್ಲಿ ಬ್ಯಾಗು ತೂಗಿದರು, 6 ಕೆಜಿ 900. ಹರ್ ಕಿ ಪೌಡಿಯಲ್ಲಿ ಸಂಜೆ ಆರತಿ ಮುಗಿದು ಜನ ಒಮ್ಮೆಲೇ ಎದ್ದಾಗ ನನ್ನ ಎರಡೂ ಕೈ ಖಾಲಿ ಇದ್ದವು. ಒಂದರಲ್ಲಿ ಅಮ್ಮನ ಕೈ ಹಿಡಿದುಕೊಂಡೆ, ಇನ್ನೊಂದನ್ನು ಅವರ ಬೆನ್ನ ಹಿಂದೆ ಅಡ್ಡ ಇಟ್ಟೆ. ಮೆಟ್ಟಿಲು ನಿಧಾನಕ್ಕೆ ಹತ್ತಿದೆವು.

ಒಂದು ಕೊರತೆ ಉಳಿದಿದೆ. ನೀರಿನ ಬಾಟಲಿಯ ಜೇಬು ತೀರಾ ನೆಟ್ಟಗಿದೆ, ಬ್ಯಾಗು ತುಂಬಿದ್ದರೆ ಕೈ ಹಿಂದೆ ಚಾಚಿ ಬಾಟಲಿ ಎಳೆಯೋಕೆ ಆಗುವುದಿಲ್ಲ, ಪ್ರತಿ ಸಲ ಅಮ್ಮನೇ ತೆಗೆದು ಕೊಡಬೇಕಾಯಿತು. ರಿಪೇರಿಯವರಿಗೆ ತೋರಿಸಿದೆ. ಜೇಬಿನ ಮುಂದಿನ ಅಂಚನ್ನು ಓರೆಯಾಗಿ ಕತ್ತರಿಸಿ ಎಲಾಸ್ಟಿಕ್ ಕೂರಿಸಿದರೆ ಬಾಟಲಿ ಮುಂದಕ್ಕೆ ಬಾಗಿ ಕೈಗೆ ಸಿಗುತ್ತದೆ ಅಂದರು. ಬ್ಯಾಗು ಈಗ ಅವರ ಹತ್ತಿರವೇ ಇದೆ, ಗುರುವಾರ ಕೊಡುತ್ತಾರೆ.