ಫ್ಯಾನ್ ಯಾಕೆ ನಿಂತಿದೆ?

ಆಷಾಢದಲ್ಲಿ ಮಹಾರಾಷ್ಟ್ರದ ಗಡಿಯ ಜತ್ ಕಡೆಯ ಗುಡ್ಡಗಳ ಮೇಲೆ ಗಾಳಿ ಹುಚ್ಚೆದ್ದು ಬೀಸುವಾಗಲೂ ಒಂದೆರಡು ಪವನಚಕ್ಕಿ ಸುಮ್ಮನೆ ನಿಂತಿರುತ್ತವೆ. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಇದಕ್ಕೇನಾಯಿತು? ಹೆಚ್ಚಿನ ಸಲ ಕಾರಣ ಗಾಳಿಯಲ್ಲ. ದುರಸ್ತಿ ನಡೆದಿರುತ್ತದೆ, ಇಲ್ಲವೇ ಲೈನ್ ಹೋಗಿರುತ್ತದೆ. ಗಾಳಿಗೆ ಅಂಜಿ ನಿಲ್ಲುವುದು ಸರಾಸರಿ ವೇಗ ಸೆಕೆಂಡಿಗೆ ಸುಮಾರು 25 ಮೀಟರ್, ಅಂದರೆ ಗಂಟೆಗೆ 90 ಕಿ.ಮೀ. ದಾಟಿದಾಗ. ನಮ್ಮ ಬಯಲುಸೀಮೆಯಲ್ಲಿ ಅದು ಅಪರೂಪ.

ಆದರೆ ತಪ್ಪಿಸಿಕೊಳ್ಳುವ ಕೆಲಸ 12–13 ಮೀಟರಿಗೇ ಶುರು. ವೇಗ ಎರಡು ಪಟ್ಟಾದರೆ ಗಾಳಿಯಲ್ಲಿರುವ ಶಕ್ತಿ ಎಂಟು ಪಟ್ಟು; ಜನರೇಟರ್ ಅಷ್ಟನ್ನು ನುಂಗಲಾರದು. ಅದಕ್ಕೆ ರೆಕ್ಕೆಗಳು ಬುಡದಲ್ಲೇ ಹೊರಳಿ ಗಾಳಿಯನ್ನು ಜಾರಲು ಬಿಡುತ್ತವೆ. 25 ದಾಟಿದರೆ ಸುಮಾರು 90 ಡಿಗ್ರಿ ಹೊರಳಿ, ಅಂಚನ್ನಷ್ಟೇ ಒಡ್ಡುತ್ತವೆ. ಮೋಟರಿನಿಂದ ಹೊರಳುವ ಯಂತ್ರಗಳಲ್ಲಿ ಮೂರು ರೆಕ್ಕೆಗೂ ಬೇರೆ ಬೇರೆ ಮೋಟರ್, ಬೇರೆ ಬೇರೆ ಬ್ಯಾಟರಿ. ಲೈನ್ ಹೋದರೂ ಹೊರಳಬೇಕು, ಒಂದು ಕಚ್ಚಿಕೊಂಡರೆ ಉಳಿದೆರಡು ನಿಭಾಯಿಸಬೇಕು. ಬ್ಯಾಟರಿ ಸತ್ತಿರುವುದು ಲೈನ್ ಇರುವಷ್ಟು ದಿನ ಗೊತ್ತಾಗುವುದಿಲ್ಲ. ಪರೀಕ್ಷೆ ತಪ್ಪಿಸಿದರೆ ಅನಾಹುತ. ಡಿಸ್ಕ್ ಬ್ರೇಕನ್ನು ನೆಚ್ಚುವಂತಿಲ್ಲ: ಪೂರ್ತಿ ವೇಗದಲ್ಲಿ ಅದೊಂದನ್ನೇ ಹಿಡಿದರೆ ಡಿಸ್ಕ್ ಕೆಂಡವಾಗಿ ಎಣ್ಣೆಗೆ ಬೆಂಕಿ ಹತ್ತೀತು. ನಿಂತ ಮೇಲೂ ಬಿಗಿದು ಕಟ್ಟುವುದಿಲ್ಲ, ಮೆಲ್ಲಗೆ ಆಡಲು ಬಿಡುತ್ತಾರೆ. ಕಟ್ಟಿದರೆ ಗೇರಿನ ಅದೇ ಹಲ್ಲು ಪೆಟ್ಟು ತಿಂದು ತಿಂದು ಸವೆಯುತ್ತದೆ.

ಹಾಯಿದೋಣಿಯಲ್ಲಿ ಇದೇ ಕೆಲಸ ಕೈಯಿಂದ. ಹಗ್ಗ ಸಡಿಲಿಸಿ, ಮೂತಿಯನ್ನು ಗಾಳಿಯ ಕಡೆ ತಿರುಗಿಸಿ, ಹಾಯಿಯನ್ನು ಒಂದಷ್ಟು ಇಳಿಸಬೇಕು. ಮೊದಲು ಹಾಯಿಯ ಅಂಚಿನಲ್ಲಿ, ಕೂವೆಮರದ (ಹಾಯಿ ಏರಿಸುವ ಕಂಬದ) ಬದಿಗಿರುವ ಬಳೆಯನ್ನು ಕೊಕ್ಕೆಗೆ ಸಿಕ್ಕಿಸಿ, ಆಮೇಲೆ ಹಿಂದಿನ ತುದಿ ಎಳೆದು ಬಿಗಿಯಬೇಕು. ಉಳಿದ ಬಟ್ಟೆಯನ್ನು ಮಡಚಿ ನಡುವಿನ ದಾರಗಳಿಂದ ಸಡಿಲವಾಗಿ ಕಟ್ಟಿದರೆ ಸಾಕು. ಹೊಸಬರು ಅವನ್ನೇ ಬಿಗಿಯುತ್ತಾರೆ. ಭಾರವೆಲ್ಲ ಅಲ್ಲಿ ಬಿದ್ದು ಬಟ್ಟೆ ಹರಿಯುತ್ತದೆ. ಇಳಿಸಬೇಕೋ ಬೇಡವೋ ಎಂಬ ಅನುಮಾನ ಬಂದಾಗಲೇ ಇಳಿಸಬೇಕು, ತಡವಾದರೆ ಕೈ ಸಾಗದು. ಅರಬ್ಬೀ ಕಡಲಿನ ಹಳೆಯ ಮರದ ಹಡಗುಗಳಲ್ಲಿ ಬಿರುಗಾಳಿಗೆಂದೇ ಚಿಕ್ಕ ಹಾಯಿ ಬೇರೆ ಇರುತ್ತಿತ್ತು.

ಹಡಗಿಗೆ ಇನ್ನೊಂದು ಅನುಕೂಲ: ಗಾಳಿಯ ಜೊತೆಗೇ ಓಡಬಹುದು. 20 ಮೀಟರಿನ ಗಾಳಿಯಲ್ಲಿ 5 ಮೀಟರ್ ವೇಗದಲ್ಲಿ ಓಡಿದರೆ ತಾಗುವುದು 15 ಮಾತ್ರ. ಹೊಡೆತ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಅದು ಹೆಚ್ಚುಕಡಿಮೆ ಅರ್ಧ. ನೆಲಕ್ಕೆ ನೆಟ್ಟ ಪವನಚಕ್ಕಿಗೆ ಆ ಭಾಗ್ಯವಿಲ್ಲ. ಮುಖ ತಿರುಗಿಸಲೂ ಅದಕ್ಕೆ ಕರೆಂಟ್ ಬೇಕು. ಚಂಡಮಾರುತದಲ್ಲಿ ಮೊದಲು ಹೋಗುವುದೇ ಕರೆಂಟು, ಆಮೇಲೆ ಬದಲಾಗುವುದು ಗಾಳಿಯ ದಿಕ್ಕು. 2003ರ ಮೈಮಿ ಚಂಡಮಾರುತಕ್ಕೆ ಜಪಾನಿನ ಮಿಯಾಕೋ ದ್ವೀಪದಲ್ಲಿ ಪವನಚಕ್ಕಿಗಳು ಕಂಬಸಮೇತ ಉರುಳಿದವು.