ಸ್ಕಾ ಸತ್ತಿತೇ ಎಂದು ಕೇಳುವವರಿಗೆ

"ಅದು ಇನ್ನೂ ಇದೆಯೇ?" ಸ್ಕಾ ಸಂಗೀತ ಕೇಳುತ್ತೇನೆ ಎಂದಾಗಲೆಲ್ಲ ಇಂಗ್ಲೆಂಡಿನ ನನ್ನ ಸಹೋದ್ಯೋಗಿಗಳು ಹೀಗೆ ಹುಬ್ಬೇರಿಸುತ್ತಾರೆ. ಊರಿಗೆ ಬಂದಾಗ ನಮ್ಮವರ ವರಸೆ ಬೇರೆ. ಮೊದಲು "ಹಾಗೆಂದರೇನು?" ಎನ್ನುತ್ತಾರೆ, ಒಂದೆರಡು ಹಾಡು ಕೇಳಿಸಿದ ಮೇಲೆ "ಚೆನ್ನಾಗಿದೆಯಲ್ಲ, ಮತ್ತೆ ಎಲ್ಲೂ ಯಾಕೆ ಕೇಳಿಬರುವುದಿಲ್ಲ?" ಎನ್ನುತ್ತಾರೆ. ಪ್ರತಿ ಸಲವೂ ಅರ್ಧ ಉತ್ತರ ಕೊಟ್ಟು ನನಗೂ ಬೇಸರ ಬಂದಿದೆ. ಪೂರ್ತಿ ಉತ್ತರವನ್ನು ಇಲ್ಲಿ ಬರೆದಿಟ್ಟರೆ ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸಬಹುದು.

ಇಳಿದಿರುವುದು ನಿಜ. ಹಟಮಾರಿ ಅಭಿಮಾನಿಗಳು ಇದನ್ನು ಒಪ್ಪುವುದಿಲ್ಲ, ನಾನು ಒಪ್ಪುತ್ತೇನೆ. ಜನರ ರುಚಿ ಬದಲಾಯಿತು, ಅಷ್ಟೇ ಎಂಬ ವಿವರಣೆಯನ್ನು ಮಾತ್ರ ಒಪ್ಪಲಾರೆ. ನಾನು ಕಂಡುಕೊಂಡ ಹಾಗೆ ಸ್ಕಾಗೆ ಎರಡು ಆಸರೆ ಬೇಕು. ಬಡವರ, ಮಧ್ಯಮವರ್ಗದ ಮಕ್ಕಳ ಕೈಗೆ ಟ್ರಂಪೆಟ್ಟು, ಟ್ರಾಂಬೋನು ಕೊಟ್ಟು ಪುಕ್ಕಟೆಯಾಗಿ ಕಲಿಸುವ ಒಂದು ಸಂಸ್ಥೆ ಬೇಕು. ಇನ್ನೂರು ಮುನ್ನೂರು ಜನ ಒಟ್ಟಿಗೆ ಕುಣಿಯಬಲ್ಲ ಅಗ್ಗದ ಜಾಗ ಬೇಕು. ಎರಡೂ ಇದ್ದ ಊರುಗಳಲ್ಲಿ ಈ ಸಂಗೀತ ಹುಟ್ಟಿದೆ, ಬೆಳೆದಿದೆ. ಎರಡರಲ್ಲಿ ಒಂದು ಹೋದರೂ ಅದು ಹೆಚ್ಚು ದಿನ ನಿಂತಿಲ್ಲ.

ಸ್ಕಾ ಎಂದರೇನು ಎಂದು ತಿಳಿಯಲು ನಾಲ್ಕು ಏಟಿನ ತಾಳ ಹಾಕಿ ನೋಡಿ. ಕೈ ತೊಡೆಯ ಮೇಲೆ ಬೀಳುವಾಗ ಸುಮ್ಮನಿರಿ; ಕೈ ಮೇಲೆದ್ದ ಗಳಿಗೆಯಲ್ಲಿ "ತಕ್" ಎನ್ನಿ. ಗಿಟಾರು, ಪಿಯಾನೊಗಳ ಏಟು ಆ ಎದ್ದ ಜಾಗಕ್ಕೇ ಬೀಳುತ್ತದೆ. ಅದರ ಕೆಳಗೆ ಬಾಸ್ ಬಿರುಸಾಗಿ ನಡೆಯುತ್ತಿರುತ್ತದೆ, ಮೇಲೆ ಟ್ರಾಂಬೋನು, ಟ್ರಂಪೆಟ್ಟು, ಸ್ಯಾಕ್ಸೊಫೋನುಗಳು ರಾಗವನ್ನು ಎತ್ತಿಕೊಳ್ಳುತ್ತವೆ. ಕಾಲು ತಾನಾಗಿ ಎದ್ದುಬಿಡುವುದರಿಂದ ಕುಳಿತು ಕೇಳುವುದು ಕಷ್ಟ.

ಹುಟ್ಟಿದ್ದು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ, 1950ರ ದಶಕದ ಕೊನೆಗೆ. ಬ್ಯಾಂಡು ಕರೆಸಲು ಹಣವಿಲ್ಲದ ಬಡಾವಣೆಗಳಲ್ಲಿ ಬೀರುವಿನಷ್ಟು ಎತ್ತರದ ಸ್ಪೀಕರುಗಳನ್ನು ಬಯಲಿನಲ್ಲಿ ನಿಲ್ಲಿಸಿ ಅಮೆರಿಕದ ರಿದಮ್ ಅಂಡ್ ಬ್ಲೂಸ್ ರೆಕಾರ್ಡುಗಳನ್ನು ಹಾಕುತ್ತಿದ್ದರು. ಇವಕ್ಕೆ ಸೌಂಡ್ ಸಿಸ್ಟಂ ಎಂದು ಹೆಸರು. ಡ್ಯೂಕ್ ರೀಡ್, ಕಾಕ್ಸನ್ ಡಾಡ್, ಪ್ರಿನ್ಸ್ ಬಸ್ಟರ್ ಇವುಗಳ ಧಣಿಗಳು. ಒಬ್ಬರನ್ನೊಬ್ಬರು ಮೀರಿಸುವ ಪೈಪೋಟಿಯಲ್ಲಿ ಮುಳುಗಿದ್ದವರು. ಅಮೆರಿಕ ರಾಕ್ ಅಂಡ್ ರೋಲ್ ಕಡೆಗೆ ವಾಲಿದಾಗ ಇವರಿಗೆ ಬೇಕಾದ ಬಗೆಯ ಹೊಸ ಹಾಡು ಸಿಗುವುದು ಕಡಿಮೆಯಾಯಿತು. ಊರಿನ ವಾದಕರನ್ನೇ ಕರೆಸಿ ಮುದ್ರಿಸಿಕೊಳ್ಳತೊಡಗಿದರು. 1962ರ ಆಗಸ್ಟ್ 6ರಂದು ಜಮೈಕಾ ಸ್ವತಂತ್ರವಾದಾಗ ಬೀದಿಬೀದಿಯಲ್ಲಿ ಮೊಳಗುತ್ತಿದ್ದದ್ದು ಸ್ಕಾ.

ಆ ವಾದಕರು ಎಲ್ಲಿಂದ ಬಂದರು? ಈ ಕಥೆಯಲ್ಲಿ ನನಗೆ ತೀರಾ ಇಷ್ಟವಾದ ಭಾಗ ಇದು. ಕಿಂಗ್‌ಸ್ಟನ್‌ನಲ್ಲಿ ಆಲ್ಫಾ ಎಂಬ ಹುಡುಗರ ಶಾಲೆಯಿತ್ತು. ತಬ್ಬಲಿಗಳು, ಮನೆಯವರ ಕೈಮೀರಿದವರು, ಸಾಕಲಾಗದೆ ತಂದುಬಿಟ್ಟವರು ಅಲ್ಲಿನ ಮಕ್ಕಳು. ನಡೆಸುತ್ತಿದ್ದವರು ಸಿಸ್ಟರ್ಸ್ ಆಫ್ ಮರ್ಸಿ ಪಂಥದ ಕ್ರೈಸ್ತ ಸನ್ಯಾಸಿನಿಯರು. ಮುದ್ರಣ, ಹೊಲಿಗೆ, ತೋಟಗಾರಿಕೆಯ ಜೊತೆಗೆ ಬ್ಯಾಂಡು ನುಡಿಸುವುದನ್ನೂ ಒಂದು ಕಸುಬಾಗಿ ಕಲಿಸುತ್ತಿದ್ದರು. 2003ರಲ್ಲಿ ತೀರಿಕೊಂಡ ಸಿಸ್ಟರ್ ಮೇರಿ ಇಗ್ನೇಷಿಯಸ್ ರೆಕಾರ್ಡುಗಳನ್ನು ಸಂಗ್ರಹಿಸಿ, ಶಾಲೆಗೇ ಒಂದು ಸೌಂಡ್ ಸಿಸ್ಟಂ ಇಟ್ಟುಕೊಂಡಿದ್ದ ಸನ್ಯಾಸಿನಿ. ಸ್ಕಾದ ಮಹಾತಂಡ ಎನಿಸಿದ ಸ್ಕಟಲೈಟ್ಸ್‌ನ ಟಾಮಿ ಮಕುಕ್, ಡಾನ್ ಡ್ರಮಂಡ್, ಜಾನಿ ಮೂರ್, ಲೆಸ್ಟರ್ ಸ್ಟರ್ಲಿಂಗ್ ನಾಲ್ವರೂ ಆಲ್ಫಾದ ಹುಡುಗರು. ಅದೇ ಶಾಲೆಯಲ್ಲಿ ಡ್ರಮಂಡ್ ತನಗಿಂತ ಕಿರಿಯನಾದ ರಿಕೊ ರಾಡ್ರಿಗಸ್‌ಗೆ ಟ್ರಾಂಬೋನು ಹೇಳಿಕೊಟ್ಟ. ರಿಕೊನ ಹೆಸರು ನೆನಪಿರಲಿ, ಅವನು ಮತ್ತೆ ಬರುತ್ತಾನೆ.

ನಮ್ಮವರಿಗೆ ಇದು ಅಪರಿಚಿತ ಸಂಗತಿಯೇನಲ್ಲ. ಕದ್ರಿ ಗೋಪಾಲನಾಥರಿಗೆ ಸ್ಯಾಕ್ಸೊಫೋನಿನ ಮೋಹ ಹತ್ತಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕಂಡ ಮೇಲೆ. ಅರಮನೆ ಬ್ಯಾಂಡು ಸಾಕಿರದಿದ್ದರೆ ಅವರು ತಂದೆಯ ನಾಗಸ್ವರದಲ್ಲೇ ಮುಂದುವರಿಯುತ್ತಿದ್ದರೋ ಏನೋ.

ಸ್ಕಟಲೈಟ್ಸ್ ಕೂಡಿದ್ದು 1964ರಲ್ಲಿ, ಚದುರಿದ್ದು 1965ರಲ್ಲಿ. ಡ್ರಮಂಡ್ ತನ್ನ ಸಂಗಾತಿ, ನರ್ತಕಿ ಮಾರ್ಗರೀಟಾಳನ್ನು ಕೊಂದು ಮಾನಸಿಕ ಆಸ್ಪತ್ರೆ ಸೇರಿದ. 1969ರಲ್ಲಿ ಅಲ್ಲಿಯೇ ಸತ್ತ. ಅವನನ್ನು ದುರಂತ ನಾಯಕನಾಗಿಸಿ ಬರೆಯುವವರು ಆಕೆಯೂ ಹೆಸರಾಂತ ಕಲಾವಿದೆಯಾಗಿದ್ದಳು ಎಂಬುದನ್ನು ಮರೆಯುತ್ತಾರೆ. 1966ರ ಹೊತ್ತಿಗೆ ಜಮೈಕಾದಲ್ಲಿ ಸ್ಕಾದ ನಡೆ ತಗ್ಗಿ ರಾಕ್‌ಸ್ಟೆಡಿ ಎಂಬ ಹೊಸ ಬಗೆಯಾಯಿತು, 1968ಕ್ಕೆ ರೆಗೆ. ಅಂದರೆ ತವರಿನಲ್ಲಿ ಸ್ಕಾ ಆಳಿದ್ದು ಹೆಚ್ಚೆಂದರೆ ಆರೇಳು ವರ್ಷ. ಇದನ್ನು ಯಾರೂ ಸಾವು ಎನ್ನಲಿಲ್ಲ; ಅದೇ ವಾದಕರು, ಅದೇ ಸ್ಟುಡಿಯೊಗಳಲ್ಲಿ ಮುಂದಕ್ಕೆ ನಡೆದರು.

ಇಂಗ್ಲೆಂಡಿನ ಕಥೆ ಹಾಗಲ್ಲ. ಕಾರು ಕಾರ್ಖಾನೆಗಳು ಒಂದೊಂದಾಗಿ ಕುಸಿಯುತ್ತಿದ್ದ ಕಾವೆಂಟ್ರಿಯಲ್ಲಿ 1979ರಲ್ಲಿ ಜೆರಿ ಡ್ಯಾಮರ್ಸ್ 'ಟೂ ಟೋನ್' ಎಂಬ ರೆಕಾರ್ಡ್ ಸಂಸ್ಥೆ ಕಟ್ಟಿದರು. ಕಪ್ಪು ಬಿಳಿ ಚೌಕಗಳೇ ಅದರ ಗುರುತು. ಕರಿಯರೂ ಬಿಳಿಯರೂ ಒಂದೇ ತಂಡದಲ್ಲಿ ನಿಂತು ಹಾಡುವುದೇ ಆಗ ಒಂದು ರಾಜಕೀಯ ಹೇಳಿಕೆ. ಡ್ಯಾಮರ್ಸ್ ಅವರದೇ ಸ್ಪೆಷಲ್ಸ್, ಪಾಲಿನ್ ಬ್ಲ್ಯಾಕ್ ಹಾಡುತ್ತಿದ್ದ ಸೆಲೆಕ್ಟರ್, ಲಂಡನ್ನಿನ ಮ್ಯಾಡ್‌ನೆಸ್, ಬರ್ಮಿಂಗ್‌ಹ್ಯಾಮಿನ ಬೀಟ್, ಎಲ್ಲವೂ ಒಂದೇ ವರ್ಷದಲ್ಲಿ ಮೇಲೆದ್ದವು. ವಲಸಿಗರನ್ನು ದ್ವೇಷಿಸುವ ನ್ಯಾಷನಲ್ ಫ್ರಂಟ್ ಪಕ್ಷದ ಪುಂಡರು ಇವರ ಸಂಗೀತ ಕಛೇರಿಗಳಿಗೆ ನುಗ್ಗಿ ಹೊಡೆದಾಡುತ್ತಿದ್ದರು. 1981ರಲ್ಲಿ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬನನ್ನು ಕಾವೆಂಟ್ರಿಯ ನಡುಪೇಟೆಯಲ್ಲಿ ಕೊಂದಾಗ, ಜನಾಂಗೀಯ ಸೌಹಾರ್ದಕ್ಕಾಗಿ ಸ್ಪೆಷಲ್ಸ್ ಅದೇ ಊರಿನ ಕ್ರೀಡಾಂಗಣದಲ್ಲಿ ಹಾಡಿತು. ನಮ್ಮಂಥವರು ಇವತ್ತು ಆ ಬೀದಿಗಳಲ್ಲಿ ನಿಶ್ಚಿಂತೆಯಿಂದ ಓಡಾಡುವಾಗ ಇದನ್ನು ತಿಳಿದಿರುವುದು ಒಳ್ಳೆಯದು.

ಇಲ್ಲಿ ಊದುವವರು ಯಾರು ಗೊತ್ತೇ? ಸ್ಪೆಷಲ್ಸ್ ಜೊತೆ ಟ್ರಾಂಬೋನು ನುಡಿಸಿದವನು ಆಲ್ಫಾ ಶಾಲೆಯ ಅದೇ ರಿಕೊ, ಅಷ್ಟರಲ್ಲಿ ಇಂಗ್ಲೆಂಡಿಗೆ ಬಂದು ನೆಲೆಸಿದ್ದ. ಬೀಟ್ ತಂಡದ ಸ್ಯಾಕ್ಸೊಫೋನ್ ವಾದಕ ಸ್ಯಾಕ್ಸಾ ಐವತ್ತರ ಹತ್ತಿರದ ಜಮೈಕಾದವನು, ಪ್ರಿನ್ಸ್ ಬಸ್ಟರ್ ಜೊತೆ ನುಡಿಸಿ ಬಂದವನು. ಇಪ್ಪತ್ತರ ಹುಡುಗರ ನಡುವೆ ಅವನನ್ನು ನೋಡಿದರೆ ಯಾರದೋ ಚಿಕ್ಕಪ್ಪ ವೇದಿಕೆ ಹತ್ತಿದಂತಿರುತ್ತಿತ್ತು. ಕಿಂಗ್‌ಸ್ಟನ್ನಿನ ವಿದ್ಯೆ ವಲಸೆಯ ಹಡಗಿನಲ್ಲಿ ಬಂದಿತ್ತು. ಬಂದವರಿಗೆ ವಯಸ್ಸಾಯಿತು, ಅವರ ಜಾಗಕ್ಕೆ ಮಕ್ಕಳನ್ನು ತಯಾರು ಮಾಡುವ ಆಲ್ಫಾ ಶಾಲೆ ಇಂಗ್ಲೆಂಡಿನಲ್ಲಿ ಇರಲಿಲ್ಲ.

ಜಾಗದ ಪಾಡು ಇನ್ನೂ ಸ್ವಾರಸ್ಯಕರ. ಸ್ಪೆಷಲ್ಸ್‌ನ 'ಘೋಸ್ಟ್ ಟೌನ್' 1981ರ ಜುಲೈನಲ್ಲಿ, ಊರೂರುಗಳಲ್ಲಿ ಗಲಭೆ ನಡೆಯುತ್ತಿದ್ದಾಗ, ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಅದರ ವಸ್ತುವೇ ನಿರುದ್ಯೋಗ ಮತ್ತು ಮುಚ್ಚಿಹೋದ ಕುಣಿತದ ಕ್ಲಬ್ಬುಗಳು. ಹಾಡು ಮೊದಲ ಸ್ಥಾನದಲ್ಲಿರುವಾಗಲೇ ತಂಡ ಒಡೆಯಿತು; ಗಾಯಕ ಟೆರಿ ಹಾಲ್ ಸೇರಿದಂತೆ ಮೂವರು ಹೊರನಡೆದರು. ಅವರ 1980ರ ಮತ್ತೊಂದು ಅಗ್ರಸ್ಥಾನದ ರೆಕಾರ್ಡಿನ ಒಂದು ಬದಿಯನ್ನು ಮುದ್ರಿಸಿದ್ದು ಕಾವೆಂಟ್ರಿಯ ಟಿಫನೀಸ್ ಎಂಬ ನೃತ್ಯಶಾಲೆಯಲ್ಲಿ, ಜನರ ಬಾಯಲ್ಲಿ ಲೊಕಾರ್ನೊ. ಆ ಕಟ್ಟಡ ಈಗ ಊರಿನ ಕೇಂದ್ರ ಗ್ರಂಥಾಲಯ. ಗ್ರಂಥಾಲಯದ ಬಗ್ಗೆ ದೂರು ಹೇಳುವ ಜಾಯಮಾನ ನನ್ನದಲ್ಲ. ಆದರೂ ಅಲ್ಲಿ "ದಯವಿಟ್ಟು ಸದ್ದು ಮಾಡಬೇಡಿ" ಎಂದುಕೊಂಡು ಓಡಾಡುವಾಗ ನಗು ತಡೆಯುವುದು ಕಷ್ಟ. ಟೂ ಟೋನ್‌ಗೆ ಊರಿನಲ್ಲಿ ವಸ್ತುಸಂಗ್ರಹಾಲಯವೂ ಇದೆ.

ಅಮೆರಿಕದ ಕಂತು 1990ರ ದಶಕದ್ದು. ಇಂದು ಸ್ಕಾ ಎಂದರೆ ನಗುವವರೆಲ್ಲ ನಗುವುದು ಇದನ್ನು ನೆನೆದೇ. ಪಂಕ್ ಗಿಟಾರಿಗೆ ಸ್ಕಾದ ಏಟು ಬೆರೆಸಿ, ಚೌಕದ ಟೈ ಕಟ್ಟಿಕೊಂಡು ಹಾರಾಡುವ ತಂಡಗಳು. ಬಾಸ್ಟನ್ನಿನ ಮೈಟಿ ಮೈಟಿ ಬಾಸ್‌ಟೋನ್ಸ್, ಕ್ಯಾಲಿಫೋರ್ನಿಯಾದ ರೀಲ್ ಬಿಗ್ ಫಿಶ್, ಫ್ಲೋರಿಡಾದ ಲೆಸ್ ದ್ಯಾನ್ ಜೇಕ್ 1997ರ ಸುಮಾರಿಗೆ ರೇಡಿಯೊದಲ್ಲಿ ಎಡೆಬಿಡದೆ ಕೇಳಿಸುತ್ತಿದ್ದವು. ಇಲ್ಲಿ ಆಲ್ಫಾ ಶಾಲೆಯ ಕೆಲಸ ಮಾಡಿದ್ದು ಅಮೆರಿಕದ ಪ್ರೌಢಶಾಲೆಗಳ ಬ್ಯಾಂಡುಗಳು. ಫುಟ್‌ಬಾಲ್ ಪಂದ್ಯದಲ್ಲಿ ಟ್ರಂಪೆಟ್ಟು ಊದಿ, ಗಿಟಾರು ಹಿಡಿದವರಷ್ಟು ಮರ್ಯಾದೆ ಸಿಗದೆ ಪೆಚ್ಚಾಗಿದ್ದ ಹುಡುಗ ಹುಡುಗಿಯರಿಗೆ ಒಮ್ಮೆಲೇ ಎಲ್ಲೆಡೆ ಬೇಡಿಕೆ ಬಂದಿತು.

ಬಿದ್ದದ್ದೂ ಅಷ್ಟೇ ಬೇಗ. 1996ರ ದೂರಸಂಪರ್ಕ ಕಾಯ್ದೆ ಒಬ್ಬ ಮಾಲೀಕ ದೇಶದಲ್ಲಿ ಎಷ್ಟು ರೇಡಿಯೊ ಕೇಂದ್ರ ಇಟ್ಟುಕೊಳ್ಳಬಹುದೆಂಬ ಮಿತಿಯನ್ನು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಕೈಗೆ ಸಾವಿರದ ಇನ್ನೂರು ಕೇಂದ್ರಗಳು ಸೇರಿದವು. ಊರಿನ ತಂಡವನ್ನು ಊರಿನ ರೇಡಿಯೊ ಹಾಕುವ ರೂಢಿ ಸವೆಯಿತು. ದೊಡ್ಡ ರೆಕಾರ್ಡ್ ಕಂಪನಿಗಳು ಎರಡು ವರ್ಷ ಸ್ಕಾ ಹಿಂಡಿ ಮುಂದಿನ ಫ್ಯಾಷನ್ನಿಗೆ ಹೊರಟವು. ಟೋಸ್ಟರ್ಸ್ ತಂಡದ ರಾಬ್ ಹಿಂಗ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿ ಬೆಳೆಸಿದ್ದ ಮೂನ್ ಸ್ಕಾ ಸಂಸ್ಥೆ 2000ದಲ್ಲಿ ಬಾಗಿಲು ಹಾಕಿತು. ತಪ್ಪು ಕಂಪನಿಗಳದೊಂದೇ ಅಲ್ಲ. ಕುಚೋದ್ಯವನ್ನೇ ಬಂಡವಾಳ ಮಾಡಿಕೊಂಡ ತಂಡಗಳು ತಮ್ಮ ಸಂಗೀತವನ್ನು ತಾವೇ ತಮಾಷೆಯ ವಸ್ತುವಾಗಿಸಿದವು. ಸ್ಕಾ ಸಂಗೀತಗಾರ ಮೈಕ್ ಪಾರ್ಕ್ 1998ರಲ್ಲಿ ವರ್ಣದ್ವೇಷದ ವಿರುದ್ಧ ಸ್ಕಾ ಪ್ರವಾಸವನ್ನೇ ಏರ್ಪಡಿಸಿದ್ದರು. ಆ ದನಿಗಿಂತ ಬಣ್ಣದ ಟೋಪಿಗಳೇ ಜನರ ನೆನಪಿನಲ್ಲಿ ಉಳಿದವು.

ಈಗ ವೇದಿಕೆಯ ಲೆಕ್ಕಕ್ಕೆ ಬರುತ್ತೇನೆ. ಸ್ಕಾ ತಂಡದಲ್ಲಿ ಏಳೆಂಟು ಜನ ಇರುತ್ತಾರೆ. ಮೂವರ ರಾಕ್ ತಂಡಕ್ಕೂ ಎಂಟು ಜನರ ಸ್ಕಾ ತಂಡಕ್ಕೂ ಸಣ್ಣ ಕ್ಲಬ್ಬು ಕೊಡುವ ಸಂಭಾವನೆ ಹೆಚ್ಚುಕಡಿಮೆ ಒಂದೇ. ಎರಡು ವ್ಯಾನು, ಎಂಟು ಊಟ, ಎಂಟು ಹಾಸಿಗೆ. ಹಣ ಹಂಚಿದ ಮೇಲೆ ಪೆಟ್ರೋಲಿಗೂ ಸಾಲದು. ನಮ್ಮ ವೃತ್ತಿನಾಟಕ ಕಂಪನಿಗಳನ್ನು ನಡೆಸಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ರೆಕಾರ್ಡು ಮಾರಾಟವಾಗುತ್ತಿದ್ದ ಕಾಲದಲ್ಲಿ ಪ್ರವಾಸದ ನಷ್ಟ ಅಲ್ಲಿ ತುಂಬಿಬರುತ್ತಿತ್ತು. ಈಗ ಹಾಡು ಮೊಬೈಲಿನಲ್ಲಿ ಪುಕ್ಕಟೆ, ಗಳಿಕೆಯೆಲ್ಲ ವೇದಿಕೆಯಿಂದಲೇ ಬರಬೇಕು. ಆ ವೇದಿಕೆಯೂ ಕುಗ್ಗುತ್ತಿದೆ. ಬ್ರಿಟನ್ನಿನ ಸಣ್ಣ ಸಂಗೀತ ತಾಣಗಳ ಪರ ಕೆಲಸ ಮಾಡುವ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಪ್ರಕಾರ 2023ರ ಒಂದೇ ವರ್ಷದಲ್ಲಿ ಅಂಥ 125 ತಾಣಗಳು ಮುಚ್ಚಿದವು ಅಥವಾ ಸಂಗೀತ ನಿಲ್ಲಿಸಿದವು. ಬಾಡಿಗೆ, ವಿದ್ಯುತ್ ಬಿಲ್ಲು, ಪಕ್ಕದಲ್ಲಿ ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನವರ ದೂರು, ಎಲ್ಲವೂ ಸೇರಿ ಕತ್ತು ಹಿಸುಕುತ್ತವೆ.

ವಿಚಿತ್ರವೆಂದರೆ ಮೇಲಿನ ಅಂತಸ್ತಿನಲ್ಲಿ ಬರ ಇಲ್ಲ. ಮತ್ತೆ ಒಂದಾದ ಸ್ಪೆಷಲ್ಸ್ 2019ರಲ್ಲಿ ತಂದ ಆಲ್ಬಂ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಮ್ಯಾಡ್‌ನೆಸ್ 2023ರಲ್ಲಿ ಏರಿತು. ಅವರ ಕಛೇರಿಗೆ ಹೋದರೆ ಬೋಳುತಲೆಗಳ ಸಮುದ್ರವೇ ಕಾಣುತ್ತದೆ, ಅದರಲ್ಲಿ ನನ್ನದೂ ಒಂದು. ಕೆಳಗಿನ ಅಂತಸ್ತಿನಲ್ಲಿ ಹೊಸಬರಿಗೆ ಜಾಗವಿಲ್ಲ, ಇದ್ದ ಜಾಗವನ್ನು ಹಳೆಯ ಹಾಡುಗಳನ್ನು ಯಥಾವತ್ತಾಗಿ ನುಡಿಸುವ ಅನುಕರಣೆಯ ತಂಡಗಳು ಹಿಡಿದಿವೆ. ಹಿರಿಯರೋ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಬೀಟ್‌ನ ರ‍್ಯಾಂಕಿಂಗ್ ರೋಜರ್ 2019ರಲ್ಲಿ, ಟೆರಿ ಹಾಲ್ 2022ರಲ್ಲಿ. ಬಾಸ್‌ಟೋನ್ಸ್ ಕೂಡ 2022ರ ಆರಂಭದಲ್ಲಿ ತಂಡ ವಿಸರ್ಜಿಸಿತು.

ಹಾಗಾದರೆ ಎಲ್ಲೂ ಇಲ್ಲವೇ? ಇದೆ. ಮೆಕ್ಸಿಕೊದಲ್ಲಿ ಪಾಂತೆಯೋನ್ ರೊಕೊಕೊ ತಂಡಕ್ಕೆ ದೊಡ್ಡ ಮೈದಾನಗಳೇ ಬೇಕು. ಜಪಾನಿನಲ್ಲಿ ಟೋಕಿಯೊ ಸ್ಕಾ ಪ್ಯಾರಡೈಸ್ ಆರ್ಕೆಸ್ಟ್ರಾ 1980ರ ದಶಕದಿಂದ ಇಂದಿನವರೆಗೂ ಜನಪ್ರಿಯ. ಎರಡೂ ದೇಶಗಳಲ್ಲಿ ಊದುವ ವಾದ್ಯ ಬೀದಿಯ, ಶಾಲೆಯ ವಸ್ತು. ಮೆಕ್ಸಿಕೊದಲ್ಲಿ ಮದುವೆ, ಜಾತ್ರೆಗಳ ಬ್ಯಾಂಡುಗಳಿವೆ. ಜಪಾನಿನ ಶಾಲೆಗಳಿಗೆ ರಾಷ್ಟ್ರಮಟ್ಟದ ಬ್ಯಾಂಡ್ ಸ್ಪರ್ಧೆಯೇ ಇದೆ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಭಾರತದಲ್ಲಿ ದೆಹಲಿಯ ಸ್ಕಾ ವೆಂಜರ್ಸ್ ರಾಜಕೀಯದ ಖಾರ ಬೆರೆಸಿ ಹಾಡಿದ ತಂಡ, ಕೇಳಿ ನೋಡಿ.

ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ, ಮತ್ತೆ ಬರುತ್ತದೆಯೇ ಎಂಬುದು. 1964, 1979, 1997 ಎಂದು ಅಂತರ ಎಣಿಸಿ ನಾಲ್ಕನೆಯ ಅಲೆಗೆ ಮುಹೂರ್ತ ಇಡುವವರಿದ್ದಾರೆ. ನನಗೆ ಆ ಪಂಚಾಂಗದಲ್ಲಿ ನಂಬಿಕೆಯಿಲ್ಲ. ಅಮೆರಿಕದಲ್ಲಿ ಈಚೆಗೆ ಹೊಸ ಹುಡುಗರ ಹುರುಪು ಕಾಣುತ್ತಿದೆ. ಸ್ಕಾಟ್ಯೂನ್ ನೆಟ್‌ವರ್ಕ್ ಹೆಸರಿನಲ್ಲಿ ಜೆರೆಮಿ ಹಂಟರ್ ಎಂಬ ಕಲಾವಿದರು ಎಲ್ಲ ವಾದ್ಯಗಳನ್ನೂ ಒಬ್ಬರೇ ನುಡಿಸಿ, ಜೋಡಿಸಿ, ವಿಡಿಯೊ ಮಾಡುತ್ತಾರೆ. ಎಂಟು ಬಾಯಿಗಳ ಖರ್ಚಿಗೆ ಇದೊಂದು ಜಾಣ ಉಪಾಯ. ವೇದಿಕೆಗೆ ಹತ್ತಬೇಕೆಂದರೆ ಅವರಿಗೂ ಉಳಿದ ಏಳು ಜನ ಬೇಕೇ ಬೇಕು.

ಹಾಗಾಗಿ ಬರ್ಮಿಂಗ್‌ಹ್ಯಾಮು, ಲಂಡನ್ನು, ಬಾಸ್ಟನ್ನಿನ ಕಡೆ ಇರುವ ಕನ್ನಡದ ಗೆಳೆಯರಿಗೆ ನನ್ನದೊಂದು ಕೋರಿಕೆ. ದೊಡ್ಡ ಹೆಸರುಗಳ ದುಬಾರಿ ಟಿಕೆಟ್ಟನ್ನು ಈ ವರ್ಷ ಬಿಡಿ. ಹೆಸರೇ ಕೇಳಿರದ ಎಂಟು ಜನ ನಿಮ್ಮ ಊರಿನ ಪಬ್ಬಿನ ಹಿಂಬದಿಯ ಕೋಣೆಗೆ ಬಂದಾಗ ಬಾಗಿಲಲ್ಲಿ ದುಡ್ಡು ಕೊಟ್ಟು ಒಳಗೆ ಹೋಗಿ, ಹೊರಬರುವಾಗ ಒಂದು ಟೀ ಶರ್ಟ್ ಕೊಳ್ಳಿ. ಅವರ ಪೆಟ್ರೋಲು ಅದರಿಂದಲೇ. ಕುರ್ಚಿ ಇರುವುದಿಲ್ಲ, ಮೊದಲೇ ಹೇಳಿಬಿಟ್ಟಿದ್ದೇನೆ.